ಅಟ್ಟ ಖಾಲಿ ಮಾಡುವ ಮುಂಚೆ

ಹಳೇ ಮನೆ ಕೊಟ್ಟುಬಿಡೋಣ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದ್ದೀರಿ. ಬೇಡ ಅನ್ನಲ್ಲ. ಗುಜರಿಯವನ ಆಟೋ ಬಾಗಿಲಿಗೆ ಬರುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ.

• ಸಾಮಾನು ಆಮೇಲೆ, ಮೊದಲು ದೊಡ್ಡವರನ್ನು ಮಾತಾಡಿಸಿ. ಹಂಡೆ ಇನ್ನೂ ನೂರು ವರ್ಷ ಇರುತ್ತೆ. ಅದು ಯಾರ ಮದುವೆಯಲ್ಲಿ ಬಂತು ಅಂತ ಬಲ್ಲವರು ಇರಲ್ಲ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಟ್ಟು, ಒಂದೊಂದೇ ವಸ್ತು ಅವರ ಕೈಗೆ ಕೊಡಿ. "ಇದರ ಇತಿಹಾಸ ಹೇಳಿ" ಅಂದರೆ ಯಾರೂ ಬಾಯಿ ಬಿಡಲ್ಲ. "ಇದರಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿ ನೋಡಿ, ನಿಲ್ಲಿಸೋದೇ ಕಷ್ಟವಾಗುತ್ತೆ.

• ಹಿತ್ತಾಳೆ, ತಾಮ್ರದ ಪಾತ್ರೆಯ ಕಂಠ ಓದಿ. ಮದುವೆ ಪಾತ್ರೆಗೆ ಹೆಸರು ಹಾಕಿಸೋದು ನಮ್ಮಲ್ಲಿ ರೂಢಿ: ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ, ಇನಿಷಿಯಲ್, ಒಮ್ಮೊಮ್ಮೆ ತಾರೀಖು, ಊರು. ಕಿಲುಬಿನ ಕೆಳಗೆ ಅಡಗಿರುತ್ತೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಎದ್ದು ಕಾಣುತ್ತೆ. ಸೇರು, ಪಾವು, ಚಟಾಕುಗಳ ಮೇಲೆ ಸರ್ಕಾರದ ಮುದ್ರೆ ಇದೆಯಾ ನೋಡಿ. ಮೆಟ್ರಿಕ್ ಅಳತೆ 1958ರಿಂದ ಹಂತಹಂತವಾಗಿ ಬಂತು; ಮುದ್ರೆ ಬಿದ್ದ ಸೇರು ಬಹುಮಟ್ಟಿಗೆ ಅದಕ್ಕೂ ಹಿಂದಿನದು.

• ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದಿನಬಳಕೆಯ ಚೊಂಬಿಗೆ ಸರಿ, ನಾಣ್ಯಕ್ಕೂ ಹಳೇ ವಿಗ್ರಹಕ್ಕೂ ಖಂಡಿತ ಬೇಡ. ಫಳಫಳ ಹೊಳೆಯುವ ಹಳೇ ನಾಣ್ಯ ಕಂಡರೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.

• 1940ಕ್ಕೆ ಮುಂಚಿನ ಬ್ರಿಟಿಷ್ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. ಆಮೇಲೆ ಬೆಳ್ಳಿ ಅರ್ಧಕ್ಕಿಳಿಯಿತು, 1947ರದು ಬರೀ ನಿಕ್ಕಲ್. ಒಂದು ಕಡೆ ರಾಮ-ಸೀತೆಯರ ಚಿತ್ರ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಅನ್ನೋ ಇಸವಿ ಇದ್ದರೆ ಲಕ್ಷಾಂತರ ರೂಪಾಯಿ ಬರುತ್ತೆ ಅಂತ ಯಾರಾದರೂ ಹೇಳ್ತಾರೆ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಅಕ್ಕಿ ಎಳೆಯೋ ತಾಮ್ರದ ಚೊಂಬೂ ಅದೇ ಜಾತಿಯ ಮೋಸ.

• ಒಡವೆ ಕರಗಿಸಿ ಹೊಸದು ಮಾಡಿಸೋ ಮುಂಚೆ ಹಿಂದೂ ಮುಂದೂ ಫೋಟೊ ತೆಗೆದಿಡಿ. ಹಳೇ ಒಡವೆಯ ಒಳಗೆ ಅರಗು ತುಂಬಿರೋದುಂಟು, ಅಂಗಡಿಯವರು ಅದನ್ನೂ ಕಲ್ಲನ್ನೂ ತೂಕದಿಂದ ಕಳೀತಾರೆ. ಎಷ್ಟು ಕಳೆದರು ಅಂತ ಬರೆಸಿಕೊಳ್ಳಿ. ಕಾಸಿನ ಸರದ ಕಾಸು ನಿಜವಾದ ಸವರನ್ ಆಗಿದ್ದರೆ ಒಂದೊಂದೂ 7.98 ಗ್ರಾಂ, 22 ಕ್ಯಾರಟ್. ಅದನ್ನು ಬರೀ ಚಿನ್ನದ ಲೆಕ್ಕಕ್ಕೆ ಕೊಡಬೇಡಿ, ಇಸವಿ ನೋಡಿ ಕೊಳ್ಳುವವರಿದ್ದಾರೆ.

• ದೇವರ ಪಟಗಳು. ಚೌಕಟ್ಟಿನ ಮರೆಯಲ್ಲಿ, ಚಿತ್ರದ ಕೆಳಅಂಚಿಗೆ ಪ್ರೆಸ್ಸಿನ ಹೆಸರಿರುತ್ತೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ ಮುಂದೆ ಲೋನಾವಳದ ಹತ್ತಿರದ ಮಳವ್ಲಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿಗಲ್ಲ). ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳು ಕಂಡರೆ ಅದು ಅಚ್ಚು, ಕೈಯಲ್ಲಿ ಬರೆದದ್ದಲ್ಲ. ಜರತಾರಿ, ಮಣಿ ಅಂಟಿಸಿದ್ದರೆ ಕೀಳಬೇಡಿ, ಅದು ಮನೆಯ ಹೆಣ್ಣುಮಕ್ಕಳ ಕೈಕೆಲಸ.

• ತಾಳೆಗರಿ, ಕ್ರಯಪತ್ರ, ಜಾತಕ ಯಾವುದಕ್ಕೂ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಓದಲು ಬಾರದ ಕಟ್ಟನ್ನು ಕಸ ಅನ್ನಬೇಡಿ. ಕೌಟಿಲ್ಯನ ಅರ್ಥಶಾಸ್ತ್ರ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗರಿಕಟ್ಟಿನಲ್ಲಿ. ಅದನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಧಾರವಾಡದ ಕಡೆಯ ಸೊಸೆಯಂದಿರ ತವರಿನ ಕಾಗದ ಮೋಡಿ ಲಿಪಿಯಲ್ಲಿರಬಹುದು, ಬಲ್ಲವರಿಗೆ ತೋರಿಸಿ.

• ಅಮೆರಿಕದಲ್ಲಿರುವವರು ಗಮನಿಸಿ. ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು, 75 ದಾಟಿದ ಹಸ್ತಪ್ರತಿಯನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯೋದು 1972ರ ಕಾಯಿದೆಯ ಪ್ರಕಾರ ಅಪರಾಧ. ಅಜ್ಜಿಯದೇ ಆದರೂ ಅಷ್ಟೇ. ಅಂಥ ಹಳೇ ಕಲ್ಲಿನ, ಲೋಹದ ವಿಗ್ರಹ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು. ಕೊಳ್ಳಲು ಬಂದವನ ಹತ್ತಿರ ಲೈಸೆನ್ಸ್ ಇದೆಯಾ ಕೇಳಿ.

• ಪಾಲು ಮಾಡುವಾಗ ಒಂದು ನೋಟ್‌ಬುಕ್ ಇಡಿ: ವಸ್ತು, ಎಲ್ಲಿಂದ ಬಂತು, ಯಾರು ಹೇಳಿದರು, ಈಗ ಯಾರ ಮನೆಗೆ. ಎಲ್ಲರಿಗೂ ಒಂದೊಂದು ಜೆರಾಕ್ಸ್. ಬೆಲೆ ಕಟ್ಟಿಸುವುದಿದ್ದರೆ ಇಬ್ಬರ ಹತ್ತಿರವಾದರೂ ಕಟ್ಟಿಸಿ; ಕೊಳ್ಳುವವನೇ ಹೇಳಿದ ಬೆಲೆ ಬೆಲೆಯಲ್ಲ. ಒರಳುಕಲ್ಲನ್ನು ಮನೆ ಕೊಂಡವರಿಗೇ ಬಿಟ್ಟುಬಿಡಿ. ಅದಕ್ಕೆ ಬೆಲೆಯೂ ಇಲ್ಲ, ಅದನ್ನು ಎತ್ತುವ ತಾಕತ್ತು ನಿಮ್ಮಲ್ಲಿ ಯಾರಿಗೂ ಇಲ್ಲ.