ಉಬ್ಬರವಿಳಿತ ನಡೆಸಿದ ಭತ್ತದ ಗದ್ದೆಗಳು: ಸೌತ್ ಕ್ಯಾರೊಲಿನಾ ಪರಿಚಯ

ಭೂಪಟದಲ್ಲಿ ಸೌತ್ ಕ್ಯಾರೊಲಿನಾ ವಾರೆಯಾದ ತ್ರಿಕೋನದ ಹಾಗೆ ಕಾಣುತ್ತೆ. ವಾಯವ್ಯ ಮೂಲೆಯಲ್ಲಿ ಬ್ಲೂ ರಿಡ್ಜ್ ಬೆಟ್ಟಗಳು. ಅಲ್ಲಿಂದ ಇಳಿಯುವ ಪೀಡ್‌ಮಾಂಟ್‌ನ ಗಟ್ಟಿ ಬಂಡೆ, ರಾಜ್ಯದ ನಡುವೆ ಮೆತ್ತನೆಯ ಮರಳುಮಣ್ಣಿಗೆ ಸೇರುತ್ತದೆ. ಈ ಗೆರೆಯೇ ಫಾಲ್ ಲೈನ್. ನದಿಗಳು ಇಲ್ಲಿ ಬಂಡೆಗಳ ಮೇಲೆ ಧುಮುಕುವುದರಿಂದ ಸಮುದ್ರದ ಕಡೆಯಿಂದ ಬಂದ ದೋಣಿ ಇಲ್ಲೇ ನಿಲ್ಲಬೇಕು. ರಾಜಧಾನಿ ಕೊಲಂಬಿಯಾ ಇರುವುದು ಇದರ ಮೇಲೆಯೇ. ಕೆಳಗಿನ ಕರಾವಳಿ, ಅಂದರೆ ಚೌಗು, ದ್ವೀಪ, ಸೈಪ್ರೆಸ್ ಕಾಡಿನ ಸೀಮೆ, ಲೋಕಂಟ್ರಿ. ನಾವು ಹೇಳಹೊರಟಿರೋದು ಮುಖ್ಯವಾಗಿ ಇದರ ಕತೆ.

1670ರಲ್ಲಿ ಇಂಗ್ಲಿಷರು ಆಶ್ಲಿ ನದಿಯ ದಂಡೆಯಲ್ಲಿ ಚಾರ್ಲ್ಸ್ ಟೌನ್ ಕಟ್ಟಿದರು. ಅದೇ ಇಂದಿನ ಚಾರ್ಲ್‌ಸ್ಟನ್. ಶತಮಾನ ಮುಗಿಯುವಷ್ಟರಲ್ಲಿ ಭತ್ತ ಬಂತು, ಭತ್ತದ ಜೊತೆ ಆಫ್ರಿಕಾದಿಂದ ಗುಲಾಮರನ್ನು ತುಂಬಿದ ಹಡಗುಗಳೂ ಬಂದವು. 1708ರ ಹೊತ್ತಿಗೆ ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಿದ್ದರು.

ಇನ್ನು ಎಂಜಿನಿಯರಿಂಗ್‌ಗೆ ಬರೋಣ. ಸಮುದ್ರ ಉಬ್ಬಿದಾಗ ನದಿಯ ಸಿಹಿನೀರು ಮುಂದೆ ಹರಿಯಲಾಗದೆ ಏರುತ್ತದೆ. ತೀರಾ ಕೆಳಗೆ ಹೋದರೆ ಉಪ್ಪು, ತೀರಾ ಮೇಲೆ ಹೋದರೆ ಉಬ್ಬರವೇ ಇಲ್ಲ. ನಡುವಿನ ಆ ಪಟ್ಟಿಯಲ್ಲಿ ಮಾತ್ರ ಗದ್ದೆ. ಏರಿಯ ಅಡಿಯಲ್ಲಿ ಉದ್ದನೆಯ ಮರದ ಪೆಟ್ಟಿಗೆ ಹೂಳಿ, ಎರಡೂ ತುದಿಗೆ ತೂಗುಬಾಗಿಲು ಇಡುತ್ತಿದ್ದರು. ಇದರ ಹೆಸರು ಟ್ರಂಕ್. ನೀರು ಬೇಕಾದಾಗ ನದಿ ಕಡೆಯ ಬಾಗಿಲನ್ನು ಎತ್ತಿಬಿಡೋದು. ಉಬ್ಬರದ ನೀರು ಒಳಬಾಗಿಲನ್ನು ತಳ್ಳಿಕೊಂಡು ಗದ್ದೆಗೆ ನುಗ್ಗುತ್ತದೆ. ಇಳಿತ ಶುರುವಾದಾಗ ಗದ್ದೆಯ ನೀರೇ ಆ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ನೀರು ಹೊರಹಾಕಬೇಕಾ? ಒಳಬಾಗಿಲು ಎತ್ತಿ, ಹೊರಬಾಗಿಲನ್ನು ಇಳಿಬಿಟ್ಟರೆ ಆಯಿತು. ಪಂಪ್ ಇಲ್ಲ, ಇಂಧನ ಇಲ್ಲ. ನಾವು ಲ್ಯಾಬ್‌ನಲ್ಲಿ ನೋಡುವ ಚೆಕ್ ವಾಲ್ವ್ ಇದೇ ತಾನೆ!

ಆದರೆ ಇದು ಯಾರ ಜಾಣತನ? ಪಶ್ಚಿಮ ಆಫ್ರಿಕಾದ ಭತ್ತದ ಕರಾವಳಿಯಿಂದ ತಂದವರ ಕೃಷಿಜ್ಞಾನವೇ ಇದಕ್ಕೆ ತಳಪಾಯ ಅಂತ 2001ರಲ್ಲಿ ಜುಡಿತ್ ಕಾರ್ನಿ 'ಬ್ಲ್ಯಾಕ್ ರೈಸ್' ಪುಸ್ತಕದಲ್ಲಿ ವಾದಿಸಿದರು. ಹಡಗುಗಳ ದಾಖಲೆ ಹಿಡಿದು ಒಪ್ಪದವರೂ ಇದ್ದಾರೆ. ಚರ್ಚೆ ಏನೇ ಇರಲಿ, ಮೊಣಕಾಲುದ್ದ ಕೆಸರಲ್ಲಿ ನಿಂತು, ಮಲೇರಿಯಾ ನಡುವೆ ಮೈಲಿಗಟ್ಟಲೆ ಏರಿ ಹಾಕಿದ ಕೈಗಳು ಯಾರವು ಅನ್ನೋದರಲ್ಲಿ ಅನುಮಾನವಿಲ್ಲ. ಅವರು ಸುಮ್ಮನೆಯೂ ಇರಲಿಲ್ಲ: 1739ರಲ್ಲಿ ಸ್ಟೋನೊ ನದಿಯ ಬಳಿ ದಂಗೆ ಎದ್ದರು.

1860ರ ಡಿಸೆಂಬರ್ 20ರಂದು ಒಕ್ಕೂಟ ಬಿಟ್ಟ ಮೊದಲ ರಾಜ್ಯ ಇದೇ. ಮರುವರ್ಷ ಏಪ್ರಿಲ್‌ನಲ್ಲಿ ಚಾರ್ಲ್‌ಸ್ಟನ್ ಬಂದರಿನ ಫೋರ್ಟ್ ಸಮ್ಟರ್ ಮೇಲಿನ ದಾಳಿಯಿಂದ ಅಂತರ್ಯುದ್ಧ ಹೊತ್ತಿಕೊಂಡಿತು. ನಮಗೆ ಅದಕ್ಕಿಂತ ಮನಸ್ಸಲ್ಲಿ ಉಳಿದಿದ್ದು 1863ರ ಜೂನ್ ತಿಂಗಳು. ಹ್ಯಾರಿಯೆಟ್ ಟಬ್ಮನ್ ದಾರಿ ತೋರಿಸಿದ ಉತ್ತರದ ದೋಣಿಗಳು ಕೊಂಬಾಹೀ ನದಿಯನ್ನೇರಿ, ದಂಡೆಯ ಭತ್ತದ ತೋಟಗಳಿಂದ 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡು ಬಂದವು.

ಗುಲಾಮರ ದುಡಿಮೆ ನಿಂತಿತು, 1911ರ ಚಂಡಮಾರುತ ಉಳಿದದ್ದನ್ನೂ ಮುಗಿಸಿತು. ದ್ವೀಪಗಳಲ್ಲಿ ಅವರ ವಂಶಸ್ಥರ ಗಲ್ಲಾ ಭಾಷೆ ಇನ್ನೂ ಬದುಕಿದೆ. ಹಳೆಯ ಗದ್ದೆಗಳಲ್ಲಿ ಈಗ ಚಳಿಗಾಲದ ಬಾತುಕೋಳಿಗಳು ಇಳಿಯುತ್ತವೆ. ಅವಕ್ಕೆ ನೀರು ಬಿಡೋದು ಇವತ್ತಿಗೂ ಅದೇ ಮಾದರಿಯ ಟ್ರಂಕ್‌ಗಳಿಂದ.