ಕಾಯಕ, ದಾಸೋಹ ಮತ್ತು ನಮ್ಮ ಮನೆಯ ಜಮಾ-ಖರ್ಚು



ಎತ್ತು ಕೊಳ್ಳುವಾಗ ನಾವು ನಾಲ್ಕು ಸಂತೆ ತಿರುಗುತ್ತೇವೆ. ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಐನೂರು ರೂಪಾಯಿಗಾಗಿ ಅರ್ಧ ದಿನ ಚೌಕಾಸಿ ಮಾಡುತ್ತೇವೆ. ಆದರೆ ಮಗಳ ಮದುವೆಯ ಮಂಟಪಕ್ಕೆ, ಬ್ಯಾಂಡಿಗೆ, ಹತ್ತು ಬಗೆಯ ಊಟಕ್ಕೆ ಲಕ್ಷಗಟ್ಟಲೆ ಹಣವನ್ನು ಒಂದೇ ಮಾತಿನಲ್ಲಿ ಒಪ್ಪಿಬಿಡುತ್ತೇವೆ. ಲೆಕ್ಕ ಬಾರದೆ ಹೀಗಾಗುವುದಿಲ್ಲ. ನಮ್ಮ ಕೈಯಿಂದ ಹಣ ಬಿಡಿಸುವುದು ಲೆಕ್ಕಕ್ಕಿಂತ ಹೆಚ್ಚಾಗಿ ನಮ್ಮ ಸಂಸ್ಕಾರ. ಆದ್ದರಿಂದ ಯಾವ ಸಂಸ್ಕಾರ ಖರ್ಚು ಮಾಡಿಸುತ್ತಿದೆ ಎಂಬುದನ್ನು ಅರಿಯುವುದು ಈ ಸಂಚಿಕೆಯ ಪಾಠ.

ಒಳ್ಳೆಯ ಸಂಸ್ಕಾರ ಹಣವನ್ನು ಒಳ್ಳೆಯ ದಾರಿಗೆ ಹಚ್ಚುತ್ತದೆ. ಹಿಂದೆ ಅಡತಿ ಅಂಗಡಿಗಳ ಲೆಕ್ಕದಲ್ಲಿ ಧರ್ಮಾದಾಯ ಎಂಬ ಕಲಮು ಇರುತ್ತಿತ್ತು. ವ್ಯವಹಾರದ ಸಣ್ಣ ಪಾಲು ಧರ್ಮಕಾರ್ಯಕ್ಕೆಂದು ಬೇರೆಯೇ ಜಮೆಯಾಗುತ್ತಿತ್ತು. ಹೊಲದಲ್ಲಿ ರಾಶಿ ಮಾಡುವಾಗ ಬಂದವರಿಗೆ ಮೊರದಷ್ಟು ಜೋಳ ಕೊಡದೆ ಚೀಲ ಹೊಲಿಯುತ್ತಿರಲಿಲ್ಲ. ಇದ್ದುದರಲ್ಲಿ ಕೊಡುವುದು ದಾಸೋಹ. ಇಲ್ಲದ್ದನ್ನು ತಂದು ತೋರಿಸುವುದು ದಾಸೋಹವಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಕಥೆಯನ್ನು ಕೇಳಿ ನಾವು ತಲೆದೂಗುತ್ತೇವೆ. ಆದರೆ ಒಂದು ಮಾತು ಮರೆಯುತ್ತೇವೆ: ಆ ಮನೆಯಲ್ಲಿ ಎಷ್ಟು ಸಾಕು ಎಂದು ಹೇಳುವ ಅಧಿಕಾರ ಹೆಣ್ಣುಮಗಳಿಗಿತ್ತು. ನಮ್ಮ ಮನೆಗಳಲ್ಲಿ ಸಾಲದ ಕಾಗದಕ್ಕೆ ಸಹಿ ಬಿದ್ದ ಮೇಲಲ್ಲವೇ ತಾಯಂದಿರಿಗೆ ವಿಷಯ ತಿಳಿಯುವುದು?

ಈಗ ಲೆಕ್ಕ ನೋಡೋಣ. ಮದುವೆಗೆಂದು 2 ಲಕ್ಷ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ಕೈಸಾಲ ತಂದರೆ ತಿಂಗಳ ಬಡ್ಡಿ 4,000, ವರ್ಷಕ್ಕೆ 48,000. ಮೂರು ವರ್ಷಕ್ಕೆ 1,44,000 ರೂಪಾಯಿ ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ಉಳಿಯುತ್ತದೆ. ಅಷ್ಟೇ ಹಣ ಬೆಳೆಸಾಲವಾಗಿದ್ದು, ಸಕಾಲಕ್ಕೆ ತೀರಿಸಿದರೆ ಕೇಂದ್ರದ ರಿಯಾಯಿತಿಯಿಂದ ಬಡ್ಡಿ ಶೇ. 4, ಅಂದರೆ ವರ್ಷಕ್ಕೆ 8,000. ಬೆಳೆಸಾಲದ ಹಣವನ್ನೇ ಮದುವೆಗೆ ಬಳಸಿದರಾಯಿತು ಎನ್ನಬೇಡಿರಿ. ಬೀಜ ಗೊಬ್ಬರಕ್ಕೆ ಆಗ ಮತ್ತೆ ಕೈಸಾಲವೇ ಗತಿ. ವಾಯಿದೆ ತಪ್ಪಿದರೆ ರಿಯಾಯಿತಿಯೂ ಹೋಗುತ್ತದೆ.

ಗಡಿಭಾಗದ ನಮಗೆ ಇನ್ನೊಂದು ಭಾರವಿದೆ. ಬೀಗರು ಒಬ್ಬರು ವಿಜಯಪುರದ ಕಡೆಯವರು, ಒಬ್ಬರು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರು. ಹೀಗಾಗಿ ಮರಾಠಿ ಕಡೆಯ ಸಾಖರಪುಡಾ, ಹಳದಿಯ ಸಡಗರವೂ ಬೇಕು, ನಮ್ಮ ಆಯೇರಿಯೂ ಬೇಕು. ನೆರೆಯವರ ಪದ್ಧತಿ ಕಲಿಯುವುದು ತಪ್ಪಲ್ಲ. ಎರಡೂ ಕಡೆಯ ಖರ್ಚನ್ನು ಕೂಡಿಸಿಕೊಂಡು, ಎರಡೂ ಕಡೆಯ ಸರಳತೆಯನ್ನು ಬಿಟ್ಟಿರುವುದು ತಪ್ಪು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಕೆಲ ವರ್ಷಗಳ ಹಿಂದೆ ರೈತರೊಬ್ಬರು ಮಠದ ದಾಸೋಹಕ್ಕೆ ದೊಡ್ಡ ಕಾಣಿಕೆ ತಂದರು. ನಾವು ಸಂತೋಷದಿಂದ ಪಾವತಿ ಹರಿದುಕೊಟ್ಟೆವು. ಆ ಹಣ ಬಡ್ಡಿಗೆ ತಂದದ್ದೆಂದೂ, ಹರಕೆ ತಪ್ಪಿದರೆ ಊರಲ್ಲಿ ತಲೆ ಎತ್ತುವುದು ಹೇಗೆಂದು ಅಂಜಿ ಅವರು ಕೊಟ್ಟರೆಂದೂ ಆಮೇಲೆ ತಿಳಿಯಿತು. ಲೆಕ್ಕ ಬರೆಯುವ ನಾವು ಅಂದು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಸಾಲದ ಕಾಣಿಕೆ ದಾಸೋಹವಾಗದು. ಒಂದು ಸೇರು ಜೋಳ ತಂದವರೂ, ಒಂದು ದಿನ ಬಂದು ಬಡಿಸಿದವರೂ ಸಮಾನ ಭಕ್ತರೇ.

ಸೊಲ್ಲಾಪುರದ ಕೆರೆಯನ್ನು ನೋಡಿದವರಿಗೆ ಬೇರೆ ಉದಾಹರಣೆ ಬೇಡ. ಶಿವಯೋಗಿ ಸಿದ್ಧರಾಮೇಶ್ವರರು ಜನರ ದುಡಿಮೆಯನ್ನು ಕೂಡಿಸಿ ಕಟ್ಟಿಸಿದ ಕೆರೆಯೆಂದು ನಾವು ಅದನ್ನು ಇಂದಿಗೂ ನೆನೆಯುತ್ತೇವೆ. ನಮ್ಮ ಖರ್ಚಿನಲ್ಲಿ ಅಂಥ ಉಳಿಯುವ ಕೆಲಸದ ಪಾಲೆಷ್ಟು? ಕೃಷಿಹೊಂಡ, ಮಗಳ ಓದು, ಅಂಗಡಿಯ ಬಂಡವಾಳ ಇವೂ ಕಾಯಕವನ್ನು ಉಳಿಸುವ ಖರ್ಚುಗಳೇ.

ಅಭ್ಯಾಸಕ್ಕಾಗಿ: ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ಮನೆಮಂದಿಯೆಲ್ಲ ಕೂಡಿ, ತಾಯಂದಿರ ಕೈಯಲ್ಲಿ ವಹಿ ಕೊಟ್ಟು, ಕಳೆದ ವರ್ಷದ ಐದು ದೊಡ್ಡ ಖರ್ಚುಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗೆ ಉತ್ತರಿಸಿರಿ.

1. ಇದು ಕಾಯಕಕ್ಕೆ, ಸಂಸಾರದ ಅಗತ್ಯಕ್ಕೆ, ದಾಸೋಹಕ್ಕೆ ಆದದ್ದೋ, ನಾಲ್ಕು ಜನರ ಮಾತಿಗೆ ಅಂಜಿ ಆದದ್ದೋ?
2. ಹಣ ದುಡಿದದ್ದೋ, ಸಾಲದ್ದೋ?
3. ಖರ್ಚಿನ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿದ್ದೆವೋ?

ಮಠದ ಕಾರ್ಯಾಲಯದಲ್ಲಿಯೂ ನಮ್ಮ ಜಮಾ-ಖರ್ಚನ್ನು ಇದೇ ಪ್ರಶ್ನೆಗಳಿಂದ ನೋಡುತ್ತೇವೆ.



— ಕಾರ್ಯದರ್ಶಿಗಳು, ಶ್ರೀಮಠ