ಯಂತ್ರ ಕೈಕೊಟ್ಟರೆ ಹೊಣೆ ಯಾರದು?

"ಮಷಿನ್ ಕೈಕೊಟ್ಟತ್ರೀ, ಅದಕ್ಕ ನಾವೇನ್ ಮಾಡೂಣ?" ರೋಬೊ ನೆರವಿನ ಶಸ್ತ್ರಚಿಕಿತ್ಸೆ ಕೆಟ್ಟಾಗ ಆಸ್ಪತ್ರೆಯಲ್ಲಿ ಯಾರಾದರೂ ಹೀಗೆಂದರೆ, ಆ ಮಾತನ್ನೇ ನಂಬಿ ರೋಗಿಯ ಮನೆಯವರು ಎದ್ದು ಬರಬೇಕಿಲ್ಲ. ರೋಬೊಗೆಂದೇ ಪ್ರತ್ಯೇಕ ಹೊಣೆಗಾರಿಕೆ ಕಾನೂನು ನಮ್ಮಲ್ಲಿಲ್ಲ, ನಿಜ. ಆದರೆ ಇರುವ ಕಾನೂನಿನ ಕಣ್ಣಿಗೆ ಅದು ಕತ್ತರಿ, ಚಿಮಟದಂತೆ ಒಂದು ಉಪಕರಣ. ಅದರ ಹಿಂದೆ ಮೂವರು ಇರುತ್ತಾರೆ: ಶಸ್ತ್ರವೈದ್ಯರು, ಆಸ್ಪತ್ರೆ, ಯಂತ್ರ ತಯಾರಿಸಿದ ಅಥವಾ ತರಿಸಿಕೊಟ್ಟ ಕಂಪನಿ. ಹೊಣೆ ಈ ಮೂವರಲ್ಲಿ ಯಾರ ತಲೆಗೆ ಎಷ್ಟು ಎಂಬುದನ್ನು ಕಾಗದಪತ್ರಗಳು ತೀರ್ಮಾನಿಸುತ್ತವೆ. ಆ ಕಾಗದಪತ್ರ ಕೈಗೆ ಸಿಗುವುದು ಮೊದಲ ಕೆಲವು ದಿನಗಳಲ್ಲಿ.

ಮೊದಲು ಯಂತ್ರವನ್ನು ತಿಳಿದುಕೊಳ್ಳೋಣ. ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ 'ಡಾ ವಿಂಚಿ' ಮಾದರಿಯ ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ರೋಗಿಯಿಂದ ಸ್ವಲ್ಪ ದೂರದ ಕನ್ಸೋಲ್‌ನಲ್ಲಿ ಕುಳಿತ ವೈದ್ಯರ ಬೆರಳು ಆಡಿದಂತೆ ಅದರ ತೋಳು ಆಡುತ್ತದೆ. ಮೊಣಕಾಲ ಕೀಲು ಬದಲಿಸುವ ಕೆಲವು ರೋಬೊಗಳು ಬೇರೆ ಜಾತಿಯವು. ಸಿ.ಟಿ. ಸ್ಕ್ಯಾನ್ ಆಧರಿಸಿ ಮೊದಲೇ ಹಾಕಿದ ಯೋಜನೆಯಂತೆ ಅವು ತಾವೇ ಮೂಳೆ ಕೊರೆಯುತ್ತವೆ, ವೈದ್ಯರು ಕಣ್ಣಿಟ್ಟಿದ್ದು ಬೇಕಾದಾಗ ನಿಲ್ಲಿಸುತ್ತಾರೆ. ಮೊದಲನೆಯದರಲ್ಲಿ ಏಳುವ ಪ್ರಶ್ನೆ ಕೈಚಳಕದ್ದು, ಎರಡನೆಯದರಲ್ಲಿ ಯೋಜನೆ ಮತ್ತು ಸಾಫ್ಟ್‌ವೇರ್‌ನದು. ದೂರು ಬರೆಯುವ ಮುನ್ನ ನಿಮ್ಮವರಿಗೆ ಬಳಸಿದ್ದು ಯಾವ ಯಂತ್ರ, ಯಾವ ಮಾದರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಯಂತ್ರ ಕೆಡುವುದೇ ಇಲ್ಲ ಎಂದೇನಲ್ಲ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎಗೆ 2000ರಿಂದ 2013ರವರೆಗೆ ಬಂದ ವರದಿಗಳನ್ನು ಸಂಶೋಧಕರು ಜಾಲಾಡಿದಾಗ 10,624 ಅವಘಡಗಳು ಸಿಕ್ಕವು. ಅದರಲ್ಲಿ 144 ಸಾವು, 1,391 ಗಾಯ. ಉಳಿದವುಗಳಲ್ಲಿ ಹೆಚ್ಚಿನವು ಯಂತ್ರದೋಷ. ಆದರೂ ಹೆಸರಾದ ಪ್ರಕರಣಗಳನ್ನು ನೋಡಿದರೆ ಕೊರತೆ ಬಹುಪಾಲು ತರಬೇತಿಯಲ್ಲೇ ಕಾಣುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್‌ನ ಫ್ರೀಮನ್ ಆಸ್ಪತ್ರೆಯಲ್ಲಿ 2015ರಲ್ಲಿ ಹೃದಯದ ಕವಾಟಕ್ಕೆ ಆ ದೇಶದ ಮೊದಲ ರೋಬೊ ಶಸ್ತ್ರಚಿಕಿತ್ಸೆ ನಡೆಯಿತು. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಾರ್ಗದರ್ಶನಕ್ಕೆಂದು ಬಂದ ನುರಿತವರು ಶಸ್ತ್ರಚಿಕಿತ್ಸೆ ಮುಗಿಯುವ ಮೊದಲೇ ಹೊರಟುಹೋಗಿದ್ದರು ಎಂಬುದು 2018ರ ವಿಚಾರಣೆಯಲ್ಲಿ ಹೊರಬಿತ್ತು. ಇನ್ನೊಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. 2008ರ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯೊಂದರಲ್ಲಿ ವೈದ್ಯರಿಗೆ ಅದು ಮಾರ್ಗದರ್ಶಕರಿಲ್ಲದ ಮೊದಲ ರೋಬೊ ಪ್ರಯತ್ನ. ವೈದ್ಯರನ್ನು ಎಚ್ಚರಿಸಿದರೆ ಸಾಲದು, ಯಂತ್ರ ಕೊಂಡ ಆಸ್ಪತ್ರೆಯನ್ನೂ ಕಂಪನಿ ಎಚ್ಚರಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ನಮ್ಮಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಉತ್ಪನ್ನ ಹೊಣೆಗಾರಿಕೆ'ಗೆಂದೇ 82ರಿಂದ 87ರವರೆಗಿನ ಕಲಮುಗಳನ್ನು ಇಟ್ಟಿದೆ. ವಿನ್ಯಾಸದ ದೋಷ, ತಯಾರಿಕೆಯ ದೋಷ, ಸಾಕಷ್ಟು ಸೂಚನೆ ಕೊಡದಿರುವುದು, ಇವುಗಳಲ್ಲಿ ಯಾವುದಿದ್ದರೂ ತಯಾರಕರು ಹೊಣೆ. ತಯಾರಕರು ವಿದೇಶದಲ್ಲಿದ್ದು ನಮ್ಮ ಕಾನೂನಿನ ಕೈಗೆ ಸಿಗದಿದ್ದರೆ 86ನೇ ಕಲಮಿನಡಿ ಆಮದು ಮಾಡಿದವರನ್ನು, ಮಾರಿದವರನ್ನು ಹಿಡಿಯಬಹುದು. ಜೋಡಣೆ, ತಪಾಸಣೆ, ನಿರ್ವಹಣೆಯಲ್ಲಿ ಅಸಡ್ಡೆ ತೋರಿದ್ದರೂ ಹಿಡಿಯಬಹುದು. ಆದರೆ 87ನೇ ಕಲಮು ಕಂಪನಿಗೆ ಒಂದು ಹಿಂಬಾಗಿಲನ್ನೂ ತೆರೆದಿಟ್ಟಿದೆ. ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕಾದ ಉತ್ಪನ್ನವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ, ಸೂಚನೆಗಳನ್ನು ಮುಟ್ಟಿಸಿದ್ದರೆ, 'ಸೂಚನೆ ಕೊಡಲಿಲ್ಲ' ಎಂಬ ಆರೋಪದಿಂದ ಕಂಪನಿ ಪಾರಾಗುತ್ತದೆ. ಶಸ್ತ್ರಚಿಕಿತ್ಸೆಯ ರೋಬೊ ಅಂಥದೇ ಉತ್ಪನ್ನ. ಹಾಗಾಗಿ ಕಂಪನಿಯೊಂದನ್ನೇ ಎದುರುದಾರ ಮಾಡಿದರೆ ಅದು ವೈದ್ಯರತ್ತ ಬೆರಳು ತೋರಿಸುತ್ತದೆ, ವೈದ್ಯರನ್ನಷ್ಟೇ ಮಾಡಿದರೆ ಅವರು ಯಂತ್ರದತ್ತ ತೋರಿಸುತ್ತಾರೆ. ನನ್ನ ಸಲಹೆ: ಯಂತ್ರದೋಷದ ಅನುಮಾನ ಸ್ವಲ್ಪವಾದರೂ ಇದ್ದರೆ ಆಸ್ಪತ್ರೆ, ವೈದ್ಯರು, ಕಂಪನಿ ಮೂವರನ್ನೂ ಒಂದೇ ದೂರಿನಲ್ಲಿ ಸೇರಿಸಿ.

ಮೂವರಲ್ಲಿ ಗಟ್ಟಿ ಹಿಡಿತ ಸಿಗುವುದು ಆಸ್ಪತ್ರೆಯ ಮೇಲೆ. ಸವಿತಾ ಗರ್ಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್, ರೋಗಿ ದಾಖಲಾಗಿದ್ದನ್ನೂ ಹಾನಿಯಾದದ್ದನ್ನೂ ತೋರಿಸಿದ ಮೇಲೆ ನಿರ್ಲಕ್ಷ್ಯ ಆಗಿಲ್ಲವೆಂದು ತೋರಿಸುವ ಭಾರ ಆಸ್ಪತ್ರೆಯದು ಎಂದಿತು. ವೈದ್ಯರು ಸಂಬಳದವರಲ್ಲ, 'ವಿಸಿಟಿಂಗ್' ಎಂಬ ನೆಪವೂ ನಡೆಯದು. ಹಾಗೆಂದು ಫಲ ಕೆಟ್ಟ ಮಾತ್ರಕ್ಕೆ ನಿರ್ಲಕ್ಷ್ಯವಾಯಿತು ಎಂದಲ್ಲ. ಆ ವಿದ್ಯೆಯ ಸಾಧಾರಣ ವೈದ್ಯರು ವಹಿಸುವ ಎಚ್ಚರ ವಹಿಸಿದ್ದರೇ ಎಂಬುದೇ ಅಳತೆ. ರೋಬೊ ಕೈಕೊಟ್ಟಾಗ ಹೊಟ್ಟೆ ತೆರೆದು ಮುಂದುವರಿಸಲು ತಯಾರಿ ಇತ್ತೇ ಎಂಬ ಪ್ರಶ್ನೆಯನ್ನು ದೂರಿನಲ್ಲಿ ಮರೆಯದೆ ಎತ್ತಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ನಮ್ಮ ಜನ ಓದುವುದೇ ಇಲ್ಲ. ಸಮೀರಾ ಕೊಹ್ಲಿ ತೀರ್ಪು (2008) ಹೇಳುವಂತೆ ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಪರ್ಯಾಯ ಇವನ್ನೆಲ್ಲ ರೋಗಿಗೆ ತಿಳಿಸಲೇಬೇಕು. ತೆರೆದ ಶಸ್ತ್ರಚಿಕಿತ್ಸೆಯೋ ಮಾಮೂಲಿ ಲ್ಯಾಪ್ರೊಸ್ಕೋಪಿಯೋ ಸಾಕಾಗುತ್ತಿತ್ತು, ಅದನ್ನು ಹೇಳಲೇ ಇಲ್ಲ ಎಂದಾದರೆ ಅದೇ ಒಂದು ಸೇವಾ ನ್ಯೂನತೆ. ಕನ್ಸೋಲ್‌ನಲ್ಲಿ ಕೂರುವವರು ಯಾರು, ಈ ಯಂತ್ರದಲ್ಲಿ ಅವರು ಎಷ್ಟು ಮಾಡಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ಪತ್ರ ಕನ್ನಡದಲ್ಲೇ ಬೇಕೆಂದೂ ಕೇಳಿ. ಒಪ್ಪಿಗೆಯ ವಿಷಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಪ್ರಕರಣ ಸಾಕು. 1990ರಲ್ಲಿ ಬಯಾಪ್ಸಿಗೆಂದು ಹೋದ ವಿದ್ಯಾರ್ಥಿಯ ಗೆಡ್ಡೆಯನ್ನೇ ತೆಗೆದರು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮುಂದೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಸುಪ್ರೀಂ ಕೋರ್ಟಿನಲ್ಲಿ ಸ್ವತಃ ವಾದಿಸಿ 2009ರಲ್ಲಿ 1 ಕೋಟಿ ರೂಪಾಯಿ ಪರಿಹಾರ ಪಡೆದರು.

ಇನ್ನು ಕಾಗದಪತ್ರ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ದಾಖಲೆಯನ್ನು ಕಾಯ್ದಿಡಬೇಕಾದದ್ದು 3 ವರ್ಷ. ದಾಖಲೆಯನ್ನು ಬಾಯಲ್ಲಿ ಕೇಳಬೇಡಿ; ಅರ್ಜಿ ಬರೆದುಕೊಟ್ಟು ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಮುದ್ರೆ ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕೇಸ್ ಶೀಟ್, ಅರಿವಳಿಕೆ ಟಿಪ್ಪಣಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳ ಜೊತೆಗೆ ಎಲ್ಲರೂ ಮರೆಯುವ ಮೂರನ್ನು ಹೆಸರಿಸಿ ಕೇಳಿ: ಶಸ್ತ್ರಚಿಕಿತ್ಸೆಯ ವಿಡಿಯೊ, ಯಂತ್ರದ ದೋಷ ಸಂಕೇತಗಳ ಲಾಗ್, ಸರ್ವಿಸ್ ದಾಖಲೆ. ಲಾಗ್ ತನ್ನ ಬಳಿ ಇಲ್ಲ, ಕಂಪನಿಯ ಬಳಿ ಇದೆ ಎಂದು ಆಸ್ಪತ್ರೆ ಹೇಳಿದರೆ ಆ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ 38ನೇ ಕಲಮಿನಡಿ ಗ್ರಾಹಕ ಆಯೋಗಕ್ಕಿದೆ. ಏನು ತರಿಸಬೇಕೆಂದು ನೀವು ಹೇಳಬೇಕಷ್ಟೆ. 'ರೋಬೊ ಇದ್ದರೆ ತಪ್ಪೇ ಇಲ್ಲ' ಎಂಬ ಧಾಟಿಯ ಜಾಹೀರಾತು, ಕರಪತ್ರ ನೋಡಿ ಹೋಗಿದ್ದರೆ ಅದನ್ನೂ ಎಸೆಯಬೇಡಿ.

ದೂರು ಎಲ್ಲಿ? ಹುಬ್ಬಳ್ಳಿ-ಧಾರವಾಡದವರು ಇಂಥ ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವುದು ಮಾಮೂಲು. ದೂರಿಗಾಗಿ ಮತ್ತೆ ಅಲ್ಲಿಗೆ ಅಲೆಯಬೇಕಿಲ್ಲ. ದೂರುದಾರ ವಾಸಿಸುವ ಊರಿನಲ್ಲೇ ದಾಖಲಿಸಲು 34ನೇ ಕಲಮು ಅವಕಾಶ ಕೊಡುತ್ತದೆ. ಹುಬ್ಬಳ್ಳಿಯ ವಿದ್ಯಾನಗರದವರೂ ಕುಂದಗೋಳದವರೂ ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು, ಇಲ್ಲವೇ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಜಿಲ್ಲಾ ಆಯೋಗದ ಮಿತಿ 50 ಲಕ್ಷ ರೂಪಾಯಿ. ಇದನ್ನು ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆಯೂ ವಾದಿಸಬಹುದು, ಆದರೆ ಮೂವರು ಎದುರುದಾರರು, ತಾಂತ್ರಿಕ ಲಾಗ್ ಇರುವ ಪ್ರಕರಣದಲ್ಲಿ ಹಾಗೆ ಮಾಡಿ ಎಂದು ನಾನು ಹೇಳಲಾರೆ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.

ಸರ್ಕಾರಿ ಆಸ್ಪತ್ರೆಯ ವಿಷಯ ಬೇರೆ. ವಿ.ಪಿ. ಶಾಂತಾ ತೀರ್ಪಿನಂತೆ (1995) ಯಾರಿಂದಲೂ ಹಣ ಪಡೆಯದ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಒಳಪಡದು. ಕೆಲವರಿಂದ ಪಡೆದು ಕೆಲವರಿಗೆ ಬಿಟ್ಟರೆ, ಪುಕ್ಕಟೆ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಬಿಲ್ಲನ್ನು ವಿಮಾ ಕಂಪನಿ ಕಟ್ಟಿದ್ದರೂ ಅದು ಪುಕ್ಕಟೆ ಸೇವೆಯಲ್ಲ.

ಗ್ರಾಹಕ ಆಯೋಗದ ಜೊತೆಗೆ, ಖಾಸಗಿ ಆಸ್ಪತ್ರೆಯ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ, ವೈದ್ಯರ ನಡತೆಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರಬಹುದು. ಯಂತ್ರದೋಷವನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಮೆಟೀರಿಯೊವಿಜಿಲೆನ್ಸ್ ಎಂಬ ವೈದ್ಯಕೀಯ ಉಪಕರಣಗಳ ನಿಗಾ ಕಾರ್ಯಕ್ರಮಕ್ಕೆ (ಉಚಿತ ಕರೆ 1800-180-3024) ರೋಗಿಯೇ ವರದಿ ಮಾಡಬಹುದು. ಪರಿಹಾರ ಅಲ್ಲಿ ಸಿಗದು, ಆದರೆ ಸರ್ಕಾರಿ ದಾಖಲೆಯೊಂದು ಹುಟ್ಟುತ್ತದೆ.

ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯೂ ಬಂದಾಯಿತು. 2025ರ ಜನವರಿಯಲ್ಲಿ ಗುರುಗ್ರಾಮದ ಕನ್ಸೋಲ್‌ನಿಂದ ಜೈಪುರದ ರೋಗಿಯ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ದೂರಶಸ್ತ್ರಚಿಕಿತ್ಸೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಡುವೆ ನೆಟ್‌ವರ್ಕ್ ಕಡಿದರೆ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರ ನ್ಯಾಯಾಲಯಗಳಿಂದಲೇ ಬರಬೇಕು.

ಪೊಲೀಸ್ ದೂರಿನ ಬಗ್ಗೆ ಅವಸರ ಬೇಡ. ಜೇಕಬ್ ಮ್ಯಾಥ್ಯೂ ತೀರ್ಪಿನಂತೆ (2005) ಅಪರಾಧ ಎನಿಸಿಕೊಳ್ಳಲು ಘೋರ ನಿರ್ಲಕ್ಷ್ಯವೇ ಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ, ಸಾಧ್ಯವಾದಷ್ಟು ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಸಾವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸಜೆಯಿದೆ. ಆದರೆ ಸಾವಿನ ಪ್ರಕರಣದಲ್ಲಿ ಒಂದು ಕೆಲಸವನ್ನು ಮುಂದೂಡಲಾಗದು, ಅದು ಮರಣೋತ್ತರ ಪರೀಕ್ಷೆ. ದುಃಖದಲ್ಲಿ ಅದನ್ನು ಬೇಡವೆಂದ ಮನೆಯವರು ಮುಂದೆ ಸಾವಿನ ಕಾರಣ ಸಾಬೀತು ಮಾಡಲು ತಿಣುಕುತ್ತಾರೆ. ಇನ್ನು ವಕೀಲರ ಖರ್ಚಿನ ಮಾತು: ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ನೋಡದೆ ಧಾರವಾಡ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.